ಎಡಗೈ ಮೌಸ್‌ನ ಸೆಟ್ಟಿಂಗ್ ಅಳಿಸಿಹೋಗದಿರಲಿ

ಸಂಪಾದಕರಿಗೆ,

ಮಾನ್ಯರೇ,

ಕಾಲೇಜು, ಗ್ರಂಥಾಲಯ, ಸರ್ಕಾರಿ ಕಚೇರಿ ಹಾಗೂ ಆನ್‌ಲೈನ್ ಪರೀಕ್ಷಾ ಕೇಂದ್ರಗಳಲ್ಲಿ ಹಲವರು ಹಂಚಿಕೊಂಡು ಬಳಸುವ ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳಲ್ಲಿ ಎಡಗೈ ಬಳಸುವವರು ಮೌಸ್‌ನ ಬಟನ್‌ಗಳನ್ನು ತಮಗೆ ಒಗ್ಗುವಂತೆ ಬದಲಿಸಿಕೊಂಡರೂ ಆ ಬದಲಾವಣೆ ಮರುದಿನಕ್ಕೆ ಉಳಿಯುವುದಿಲ್ಲ. ಕೇಳಿದವರಿಗೆ ತೀರ ಚಿಕ್ಕದೆನಿಸಬಹುದಾದ ಈ ತೊಂದರೆಯ ಕಡೆಗೆ ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಪದವಿ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯವನ್ನು ನೋಡಿಕೊಳ್ಳುವವನು ಮತ್ತು ಸ್ವತಃ ಎಡಚ. ಆದ್ದರಿಂದ ಈ ವಿಷಯದಲ್ಲಿ ದೂರುವವರ ಮಾತೂ ದೂರು ಕೇಳುವವರ ಮಾತೂ ನನಗೆ ಪರಿಚಿತ.

ವಿಷಯ ತಿಳಿಯದವರಿಗಾಗಿ ಒಂದೆರಡು ಮಾತು. ಮೌಸನ್ನು ಬಲಗೈಯಲ್ಲಿ ಹಿಡಿದಾಗ ತೋರುಬೆರಳು ಎಡಬದಿಯ ಬಟನ್ ಮೇಲೆ ಸಹಜವಾಗಿ ಕೂರುತ್ತದೆ, ಹೆಚ್ಚಿನ ಕೆಲಸವೆಲ್ಲ ಆ ಬಟನ್‌ನಿಂದಲೇ ನಡೆಯುತ್ತದೆ. ಅದೇ ಮೌಸನ್ನು ಎಡಗೈಗೆ ತೆಗೆದುಕೊಂಡರೆ ತೋರುಬೆರಳಿನಡಿ ಬರುವುದು ಬಲಬದಿಯ ಬಟನ್. ದಿನವಿಡೀ ಒತ್ತಬೇಕಾದ ಬಟನ್ನನ್ನು ಎಡಗೈಯ ನಡುಬೆರಳಿನಿಂದ ಒತ್ತುತ್ತ ಕೂರಬೇಕಾಗುತ್ತದೆ. ಇದನ್ನು ತಪ್ಪಿಸಲೆಂದೇ ಎರಡು ಬಟನ್‌ಗಳ ಕೆಲಸವನ್ನು ಅದಲುಬದಲು ಮಾಡುವ ಸೌಲಭ್ಯ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಇದೆ. 1992ರ ವಿಂಡೋಸ್ 3.1ರ ಕಂಟ್ರೋಲ್ ಪ್ಯಾನೆಲ್‌ನಲ್ಲೇ ಇದು ಇತ್ತು. ಅಂದರೆ ನಮ್ಮಲ್ಲಿ ಅನೇಕರು ಕಂಪ್ಯೂಟರ್ ಕಾಣುವುದಕ್ಕೂ ಮೊದಲೇ ಎಡಚರ ಅಗತ್ಯವನ್ನು ತಂತ್ರಾಂಶ ಬರೆದವರು ಗುರುತಿಸಿದ್ದರು. ಸೌಲಭ್ಯದ ಕೊರತೆ ನಮ್ಮ ತಕರಾರಲ್ಲ. ಅದನ್ನು ಉಳಿಸಿಕೊಳ್ಳಲು ನಮ್ಮ ಸಂಸ್ಥೆಗಳ ವ್ಯವಸ್ಥೆ ಬಿಡುತ್ತಿಲ್ಲ ಎಂಬುದು ತಕರಾರು.

ಎಡಗೈ ಬಳಸುವವರೆಲ್ಲರೂ ಬಟನ್ ಬದಲಿಸುವುದಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೌಸನ್ನು ಬಲಗೈಯಲ್ಲೇ ರೂಢಿಸಿಕೊಂಡ ಎಡಚರು ಬಹಳ ಮಂದಿ ಇದ್ದಾರೆ. ಮೌಸನ್ನು ಎಡಕ್ಕೆ ಸರಿಸಿಕೊಂಡು ಬಟನ್‌ಗಳನ್ನು ಇದ್ದಂತೆಯೇ ಬಿಡುವವರೂ ಇದ್ದಾರೆ. 2020ರಲ್ಲಿ ಪ್ರಕಟವಾದ, 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಒಂದು ಅಧ್ಯಯನದ ಪ್ರಕಾರ ಎಡಗೈ ಪ್ರಧಾನವಾಗಿರುವವರು ಶೇ 10.6ರಷ್ಟು. ಈ ಲೆಕ್ಕದಲ್ಲಿ ಅರವತ್ತು ಮಂದಿಯ ತರಗತಿಯಲ್ಲಿ ಆರು ಮಂದಿ ಎಡಚರಿದ್ದರೂ ಬಟನ್ ಬದಲಾವಣೆ ಬೇಕಾದವರು ಒಬ್ಬಿಬ್ಬರೇ ಇರಬಹುದು. ಆದರೆ ಎಡಚರಲ್ಲದಿದ್ದರೂ ಎಡಗೈಯಲ್ಲಿ ಮೌಸ್ ಹಿಡಿಯುವ ಇನ್ನೊಂದು ಗುಂಪನ್ನು ಈ ಲೆಕ್ಕಕ್ಕೆ ಸೇರಿಸಬೇಕು: ಬಲಗೈಯ ಮಣಿಕಟ್ಟಿನ ನೋವಿನಿಂದ ಕೈ ಬದಲಿಸಿದವರು, ಪಾರ್ಶ್ವವಾಯು ಅಥವಾ ಅಪಘಾತದಿಂದ ಬಲಗೈಯ ಬಲ ಕಳೆದುಕೊಂಡವರು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಪರೀಕ್ಷೆಗೆ ಬಂದ ವಿದ್ಯಾರ್ಥಿಗಳು. ಇವರೊಂದಿಗೆ ಲೆಕ್ಕಪತ್ರ ವಿಭಾಗದ ಕೆಲವು ಜಾಣರೂ ಇದ್ದಾರೆ. ಕೀಬೋರ್ಡಿನ ಅಂಕಿಗಳ ಕೀಲಿಗಳೆಲ್ಲ ಬಲತುದಿಯಲ್ಲಿ ಇರುವುದರಿಂದ, ಬಲಗೈಯಲ್ಲಿ ಅಂಕಿ ಒತ್ತುತ್ತ ಎಡಗೈಯಲ್ಲಿ ಮೌಸ್ ನಡೆಸಿದರೆ ಕೈಯನ್ನು ಆಚೀಚೆ ಓಡಾಡಿಸುವ ಕೆಲಸ ತಪ್ಪುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದಾರೆ.

ಮೌಸ್ ಬಲಗೈಯ ವಸ್ತುವಾದ ಬಗೆಯನ್ನೂ ಇಲ್ಲಿ ನೆನೆಯಬಹುದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಮೌಸನ್ನು ಸಾರ್ವಜನಿಕವಾಗಿ ಮೊದಲು ಪ್ರದರ್ಶಿಸಿದಾಗ ಅವರ ಬಲಗೈಯಲ್ಲಿ ಮೂರು ಬಟನ್‌ಗಳ ಮೌಸ್ ಇತ್ತು, ಎಡಗೈಯಡಿ ಆದೇಶ ಮತ್ತು ಅಕ್ಷರಗಳನ್ನು ಒತ್ತಲು ಐದು ಕೀಲಿಗಳ ಬೇರೊಂದು ಸಾಧನವಿತ್ತು. ಎಡಗೈಗೆ ಅದರದೇ ಕೆಲಸವಿದ್ದುದರಿಂದ ಮೌಸ್ ಬಲಕ್ಕೆ ಬಂದಿತ್ತು. ಆ ಐದು ಕೀಲಿಗಳ ಸಾಧನ ಬಳಕೆಯಿಂದ ಮಾಯವಾಯಿತು, ಮೌಸ್ ಮಾತ್ರ ಬಲಗಡೆಯೇ ಉಳಿಯಿತು. ಮುಂದೆ 1995ರ ವಿಂಡೋಸ್ 95ರಲ್ಲಿ ಬಲಬದಿಯ ಬಟನ್ ಒತ್ತಿದರೆ ಆಯ್ಕೆಗಳ ಪಟ್ಟಿ ತೆರೆಯುವ ಕ್ರಮ ಎಲ್ಲೆಡೆ ರೂಢಿಗೆ ಬಂದ ಮೇಲಂತೂ ಯಾವ ಬೆರಳಿಗೆ ಯಾವ ಬಟನ್ ಎಂಬುದು ಕೇವಲ ಅಭ್ಯಾಸದ ಮಾತಾಗಿ ಉಳಿಯಲಿಲ್ಲ. ತಪ್ಪು ಬೆರಳು ಒತ್ತಿದರೆ ಕೆಲಸವೇ ನಿಲ್ಲುವಂತಾಯಿತು.

ಈಗ ಸೆಟ್ಟಿಂಗ್ ಅಳಿಸಿಹೋಗುವುದು ಏಕೆ ಎಂಬ ಪ್ರಶ್ನೆಗೆ ಬರುತ್ತೇನೆ. ನಮ್ಮ ಸಂಸ್ಥೆಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್ ಆದ್ದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಟನ್ ಬದಲಿಸಿದಾಗ ವಿಂಡೋಸ್ ಆ ಆಯ್ಕೆಯನ್ನು ಮೌಸ್‌ನಲ್ಲಿಯೂ ಬರೆದಿಡುವುದಿಲ್ಲ, ಇಡೀ ಕಂಪ್ಯೂಟರ್‌ಗೆ ಅನ್ವಯಿಸುವಂತೆಯೂ ಬರೆದಿಡುವುದಿಲ್ಲ. ಆ ಹೊತ್ತಿಗೆ ಲಾಗಿನ್ ಆಗಿರುವ ಬಳಕೆದಾರರ ಖಾತೆಯೊಳಗೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ಕಂಟ್ರೋಲ್ ಪ್ಯಾನೆಲ್ ವಿಭಾಗದ ಮೌಸ್ ಎಂಬಲ್ಲಿ, ಸ್ವಾಪ್‌ಮೌಸ್‌ಬಟನ್ಸ್ ಎಂಬ ಹೆಸರಿನ ಮುಂದೆ 0 ಇದ್ದುದನ್ನು 1 ಎಂದು ತಿದ್ದುತ್ತದೆ. ಅಂದರೆ ಈ ಸೆಟ್ಟಿಂಗ್ ವ್ಯಕ್ತಿಗೆ ಸೇರಿದ್ದು ಎಂಬುದೇ ವಿಂಡೋಸ್‌ನ ತಿಳಿವಳಿಕೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರುವ ಕಡೆ ಎಡಚರು ಒಮ್ಮೆ ಬದಲಿಸಿಕೊಂಡರೆ ಸಾಕು, ಪಕ್ಕದವರಿಗೂ ತೊಂದರೆಯಿಲ್ಲ. ಕಚೇರಿಯ ಕಂಪ್ಯೂಟರ್‌ಗಳೆಲ್ಲ ಒಂದೇ ಡೊಮೈನ್‌ಗೆ, ಅಂದರೆ ಒಂದೇ ಕಡೆಯಿಂದ ನಿಯಂತ್ರಿಸುವ ಜಾಲಕ್ಕೆ ಸೇರಿದ್ದು, ಬಳಕೆದಾರರ ಪ್ರೊಫೈಲ್ (ಅವರ ಸೆಟ್ಟಿಂಗ್ ಮತ್ತು ಕಡತಗಳ ಸಂಗ್ರಹ) ಸರ್ವರ್‌ನಲ್ಲಿ ಉಳಿಯುವ ವ್ಯವಸ್ಥೆ ಇದ್ದರೆ, ಅವರು ಯಾವ ಮೇಜಿಗೆ ಹೋಗಿ ಕುಳಿತರೂ ಬಟನ್‌ಗಳು ಅವರಿಗೆ ಬೇಕಾದಂತೆಯೇ ಇರುತ್ತವೆ.

ನಮ್ಮಲ್ಲಿ ನಡೆಯುವುದು ಬೇರೆ. ಪ್ರಯೋಗಾಲಯದ ಎಲ್ಲ ಯಂತ್ರಗಳಲ್ಲಿ ‘ಸ್ಟೂಡೆಂಟ್’ ಎಂಬ ಒಂದೇ ಖಾತೆ, ಕಚೇರಿಯಲ್ಲಿ ‘ಆಫೀಸ್’ ಎಂಬ ಒಂದೇ ಖಾತೆ, ಅದರ ಪಾಸ್‌ವರ್ಡ್ ಮಾನಿಟರ್‌ನ ಅಂಚಿಗೆ ಅಂಟಿಸಿದ ಚೀಟಿಯ ಮೇಲೆ. ಹೀಗಿರುವಾಗ ವ್ಯಕ್ತಿಗೆ ಸೇರಬೇಕಾದ ಸೆಟ್ಟಿಂಗ್ ಯಾರಿಗೂ ಸೇರದ ಖಾತೆಗೆ ಸೇರುತ್ತದೆ. ಬೆಳಗಿನ ತಂಡದ ಎಡಚ ವಿದ್ಯಾರ್ಥಿನಿ ಬದಲಿಸಿಟ್ಟು ಹೋದರೆ ಮಧ್ಯಾಹ್ನದ ತಂಡದ ವಿದ್ಯಾರ್ಥಿಗೆ ಎಲ್ಲಿ ಒತ್ತಿದರೂ ಆಯ್ಕೆಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ಆತ ಮೌಸ್ ಕೆಟ್ಟಿದೆ ಎಂದು ದೂರು ಕೊಡುತ್ತಾನೆ. ದೂರು ಸ್ವೀಕರಿಸಿದ ಸಹಾಯಕ ಮೌಸನ್ನು ಕಳಚಿ ಬೇರೆಯದನ್ನು ಸಿಕ್ಕಿಸುತ್ತಾನೆ, ಅದೂ ‘ಕೆಟ್ಟಿರುತ್ತದೆ’. ಹೀಗೆ ಚೆನ್ನಾಗಿರುವ ಮೌಸ್‌ಗಳು ಹಾಳಾದ ವಸ್ತುಗಳ ಪೆಟ್ಟಿಗೆ ಸೇರಿದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ವಿಷಯ ತಿಳಿದ ಯಾರೋ ಒಬ್ಬರು ಬಂದು ಸೆಟ್ಟಿಂಗ್ ಮೊದಲಿನಂತೆ ಮಾಡುತ್ತಾರೆ, ಜೊತೆಗೆ ‘ಯಾರೂ ಸೆಟ್ಟಿಂಗ್ ಮುಟ್ಟಬಾರದು’ ಎಂಬ ಸೂಚನೆ ಗೋಡೆಗೆ ಬರುತ್ತದೆ. ಮರುದಿನ ಆ ವಿದ್ಯಾರ್ಥಿನಿ ಬಂದಾಗ ಬಟನ್‌ಗಳಷ್ಟೇ ಅಲ್ಲ, ಅವನ್ನು ಬದಲಿಸಿಕೊಳ್ಳುವ ಅಧಿಕಾರವೂ ಹೋಗಿರುತ್ತದೆ.

ಇದಕ್ಕಿಂತ ತುಸು ಗೂಢವಾದ ಕಾರಣಗಳೂ ಇವೆ. ವೈರಸ್ ಮತ್ತು ಕಿಡಿಗೇಡಿತನದ ಭಯದಿಂದ ಅನೇಕ ಕಡೆ ಡೀಪ್ ಫ್ರೀಜ್‌ನಂಥ ತಂತ್ರಾಂಶ ಹಾಕಿರುತ್ತಾರೆ. ಅದು ಯಂತ್ರವನ್ನು ಮರಳಿ ಆರಂಭಿಸಿದಾಗಲೆಲ್ಲ ಹಾರ್ಡ್ ಡಿಸ್ಕನ್ನು ಮೊದಲು ನಿಗದಿಪಡಿಸಿದ ಸ್ಥಿತಿಗೆ ಒಯ್ಯುತ್ತದೆ. ಅದರೊಂದಿಗೆ ಮೌಸ್‌ನ 1 ಮತ್ತೆ 0 ಆಗುತ್ತದೆ. ಇನ್ನು ಕೆಲವು ದೊಡ್ಡ ಸಂಸ್ಥೆಗಳಲ್ಲಿ ಎಲ್ಲರಿಗೂ ಕಡ್ಡಾಯ ಪ್ರೊಫೈಲ್ ಕೊಟ್ಟಿರುತ್ತಾರೆ. ಲಾಗಿನ್ ಆಗಿರುವಷ್ಟು ಹೊತ್ತು ಏನು ಬದಲಿಸಿದರೂ ಲಾಗ್‌ಔಟ್ ಮಾಡಿದೊಡನೆ ಅದು ಬಿದ್ದುಹೋಗುತ್ತದೆ. ಬಳಕೆದಾರರ ಪ್ರೊಫೈಲ್ ಕಡತ ಕೆಟ್ಟು ವಿಂಡೋಸ್ ತಾತ್ಕಾಲಿಕ ಪ್ರೊಫೈಲ್ ತೆರೆದಾಗಲೂ ಹೀಗೆಯೇ ಆಗುತ್ತದೆ, ಆದರೆ ಅಲ್ಲಿ ಮೌಸ್‌ಗಿಂತ ದೊಡ್ಡ ಆಪತ್ತುಗಳಿರುವುದರಿಂದ ಬಟನ್ ಬಗ್ಗೆ ಯೋಚಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಮೌಸ್ ತಯಾರಕರು ಕೊಡುವ ತಂತ್ರಾಂಶ ಬೇರೆ ಇದೆ. ಅದಕ್ಕೆ ಅದರದೇ ಬಟನ್ ಆಯ್ಕೆ ಇದ್ದು, ವಿಂಡೋಸ್‌ನಲ್ಲೂ ಬದಲಿಸಿ ಅದರಲ್ಲೂ ಬದಲಿಸಿದರೆ ಒಂದು ಬದಲಾವಣೆ ಇನ್ನೊಂದನ್ನು ರದ್ದುಗೊಳಿಸಿ ಬಟನ್‌ಗಳು ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತವೆ. ‘ಎಷ್ಟು ಸಲ ಬದಲಿಸಿದರೂ ಹಾಗೇ ಇದೆ’ ಎಂಬ ದೂರಿನ ಹಿಂದೆ ಕೆಲವೊಮ್ಮೆ ಇದೇ ಇರುತ್ತದೆ. ಆದ್ದರಿಂದ ಬದಲಾವಣೆಯನ್ನು ಒಂದೇ ಕಡೆ ಮಾಡಬೇಕು, ಅದು ವಿಂಡೋಸ್ ಆಗಿದ್ದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಲಾಗಿನ್ ಪರದೆಯ ವಿಚಾರದಲ್ಲೂ ಗೊಂದಲವಿದೆ. ಪಾಸ್‌ವರ್ಡ್ ಕೇಳುವ ಆ ಮೊದಲ ಪರದೆ ಯಾವ ಬಳಕೆದಾರರ ಖಾತೆಗೂ ಸೇರದೆ, ವಿಂಡೋಸ್ ತನಗಾಗಿ ಇಟ್ಟುಕೊಂಡ ಬೇರೊಂದು ಖಾತೆಯ ಸೆಟ್ಟಿಂಗ್‌ಗಳನ್ನು ಅನುಸರಿಸುತ್ತದೆ. ಹೀಗಾಗಿ ತನ್ನ ಖಾತೆಯಲ್ಲಿ ಎಲ್ಲವನ್ನೂ ಸರಿಯಾಗಿ ಬದಲಿಸಿಕೊಂಡವರಿಗೂ ಯಂತ್ರ ಆರಂಭಿಸಿದಾಗ ಆ ಒಂದು ಪರದೆಯಲ್ಲಿ ಬಟನ್‌ಗಳು ಬಲಗೈಯವರ ಕ್ರಮದಲ್ಲೇ ಇರುತ್ತವೆ. ಸೆಟ್ಟಿಂಗ್ ಹೋಯಿತೆಂದು ಗಾಬರಿಯಾಗಬೇಕಿಲ್ಲ. ಪಾಸ್‌ವರ್ಡ್ ಕೊಟ್ಟು ಎಂಟರ್ ಒತ್ತಿದರೆ ಅದು ಮರಳುತ್ತದೆ. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲೂ ಲಾಗಿನ್ ಪರದೆಗೆ ಪ್ರತ್ಯೇಕ ಖಾತೆಯೇ ಇದೆ, ಅಲ್ಲೂ ಇದೇ ಕಥೆ. ಲಿನಕ್ಸ್ ಬಳಸುವ ಕಾಲೇಜುಗಳವರು ಇನ್ನೊಂದನ್ನು ಗಮನಿಸಬೇಕು: ಆದೇಶಗಳನ್ನು ಬರೆದು ಕೊಡುವ ಟರ್ಮಿನಲ್ ಕಿಟಕಿಯಲ್ಲಿ ಎಕ್ಸ್‌ಮಾಡ್‌ಮ್ಯಾಪ್ ಅಥವಾ ಎಕ್ಸ್‌ಇನ್‌ಪುಟ್ ಆದೇಶ ಕೊಟ್ಟು ಬಟನ್ ಬದಲಿಸುವ ಹಳೆಯ ಉಪಾಯ ಲಾಗ್‌ಔಟ್ ಮಾಡಿದರೆ ಉಳಿಯುವುದಿಲ್ಲ, ಮೌಸ್ ಕಳಚಿ ಮತ್ತೆ ಸಿಕ್ಕಿಸಿದಾಗಲೂ ಹೋಗಿಬಿಡಬಹುದು. ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಮೌಸ್ ವಿಭಾಗಕ್ಕೆ ಹೋಗಿ ಬದಲಿಸಿದರೆ ಅದು ಬಳಕೆದಾರರ ಖಾತೆಯಲ್ಲಿ ಉಳಿಯುತ್ತದೆ.

ವಿಂಡೋಸ್‌ನಲ್ಲೂ ಇಂಥದೇ ಒಂದು ಉಪಾಯ ಕೈಯಿಂದ ಕೈಗೆ ದಾಟುತ್ತಿದೆ. ಡೆಸ್ಕ್‌ಟಾಪ್ ಮೇಲೆ ಒಂದು ಶಾರ್ಟ್‌ಕಟ್ ಮಾಡಿ, ವಿಂಡೋಸ್‌ನಲ್ಲೇ ಇರುವ ರನ್‌ಡಿಎಲ್‌ಎಲ್32 ಎಂಬ ಪುಟ್ಟ ತಂತ್ರಾಂಶದ ಮೂಲಕ ಸ್ವಾಪ್‌ಮೌಸ್‌ಬಟನ್ ಎಂಬ ಒಳಕಾರ್ಯವನ್ನು ಕರೆದರೆ ಬಟನ್‌ಗಳು ಒಂದೇ ಕ್ಲಿಕ್ಕಿಗೆ ಅದಲುಬದಲಾಗುತ್ತವೆ. ಇದನ್ನು ಹೇಳಿಕೊಡುವವರು ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಮೊದಲನೆಯದು, ಈ ಶಾರ್ಟ್‌ಕಟ್ ಎಡಗೈಯ ಕ್ರಮಕ್ಕೆ ಒಯ್ಯುತ್ತದೆಯೇ ಹೊರತು ಮತ್ತೊಮ್ಮೆ ಒತ್ತಿದರೆ ಹಿಂದಕ್ಕೆ ತರುವುದಿಲ್ಲ. ಎರಡನೆಯದು, ಇದು ರಿಜಿಸ್ಟ್ರಿಯಲ್ಲಿ ಏನನ್ನೂ ಬರೆಯುವುದಿಲ್ಲ. ಆ ಲಾಗಿನ್ ಮುಗಿಯುವವರೆಗೆ ಮಾತ್ರ ಅದರ ಆಯುಸ್ಸು. ಸ್ವಂತ ಕಂಪ್ಯೂಟರ್ ಇರುವವರು ಇದನ್ನು ಬಳಸಿ, ಮರುದಿನ ಸೆಟ್ಟಿಂಗ್ ಅಳಿಸಿಹೋಯಿತೆಂದು ಬೇಸರಿಸುತ್ತಾರೆ. ಅವರಿಗೆ ಸರಿಯಾದ ದಾರಿ ಸೆಟ್ಟಿಂಗ್ಸ್‌ನಲ್ಲಿ ಮೌಸ್ ವಿಭಾಗ ತೆರೆದು ಮುಖ್ಯ ಬಟನ್ ಯಾವುದೆಂದು ಅಲ್ಲಿ ಆರಿಸುವುದು. ಮೌಸ್ ಬಳಸುವುದೇ ಕಷ್ಟವಾದಾಗ ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, main.cpl ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ಬಟನ್ ಬದಲಿಸುವ ಹಳೆಯ ಕಿಟಕಿ ನೇರವಾಗಿ ತೆರೆಯುತ್ತದೆ. ಉಳಿದುದನ್ನು ಟ್ಯಾಬ್ ಮತ್ತು ಸ್ಪೇಸ್ ಕೀಲಿಗಳಿಂದಲೇ ಮುಗಿಸಬಹುದು. ನುಡಿ ತಂತ್ರಾಂಶ ಆನ್ ಇಟ್ಟುಕೊಂಡು ಬರೆದರೆ ಮಾತ್ರ ಅಲ್ಲಿ ಕನ್ನಡ ಅಕ್ಷರ ಮೂಡಿ ಏನೂ ತೆರೆಯುವುದಿಲ್ಲ ಎಂಬುದನ್ನು ನಮ್ಮ ಕಚೇರಿಗಳವರಿಗೆ ಬೇರೆಯಾಗಿ ಹೇಳಬೇಕು.

ಉಳಿಯದಿರುವುದೇ ಈ ಶಾರ್ಟ್‌ಕಟ್‌ನ ಗುಣವಾಗಿ ಒದಗುವ ಸ್ಥಳಗಳೂ ಇವೆ. ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರ್, ಸೈಬರ್ ಕೇಂದ್ರ, ಬಂದವರು ಅರ್ಧ ಗಂಟೆ ಕುಳಿತು ಹೋಗುವ ಸೇವಾ ಕೇಂದ್ರ ಇವುಗಳಲ್ಲಿ ಬದಲಾವಣೆ ಮುಂದಿನವರಿಗೆ ಉಳಿಯಬಾರದು. ಅಲ್ಲಿ ಇದೇ ಶಾರ್ಟ್‌ಕಟ್ಟನ್ನು ‘ಎಡಗೈಯವರಿಗೆ’ ಎಂದು ಕನ್ನಡದಲ್ಲಿ ಹೆಸರಿಟ್ಟು ಪರದೆಯ ಮೇಲೆ ಕಾಣುವಂತೆ ಇಟ್ಟರೆ ಬೇಕಾದವರು ಒತ್ತಿಕೊಳ್ಳುತ್ತಾರೆ, ಅವರು ಲಾಗ್‌ಔಟ್ ಮಾಡಿದೊಡನೆ ಯಂತ್ರ ತಾನಾಗಿ ಮೊದಲಿನ ಕ್ರಮಕ್ಕೆ ಬರುತ್ತದೆ. ಲಾಗ್‌ಔಟ್ ಮಾಡಿಸುವ ಶಿಸ್ತು ಕೇಂದ್ರ ನಡೆಸುವವರಲ್ಲಿ ಇರಬೇಕು, ಅಷ್ಟೇ.

ಒಂದೇ ವಿದ್ಯಾರ್ಥಿ ವರ್ಷವಿಡೀ ಬರುವ ಪ್ರಯೋಗಾಲಯಗಳಿಗೆ ಇದು ಸಾಲದು. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಕೊಡುವುದು ಸರಿಯಾದ ಮಾರ್ಗ. ಮೌಸ್‌ಗಾಗಿ ಮಾತ್ರವಲ್ಲ, ಯಾರು ಯಾವ ಕಡತ ಅಳಿಸಿದರು ಎಂದು ತಿಳಿಯುವುದಕ್ಕೂ ಅದೇ ಮಾರ್ಗ. ಆದರೆ ಸರ್ವರ್ ಇಲ್ಲದ, ಹಳೆಯ ಯಂತ್ರಗಳಲ್ಲೇ ನಡೆಯುವ ತಾಲ್ಲೂಕು ಕೇಂದ್ರಗಳ ಕಾಲೇಜುಗಳಿಗೆ ಇದನ್ನು ಮಾಡಿ ಎಂದರೆ ಆಗದ ಮಾತು ಎಂಬುದು ನನಗೂ ತಿಳಿದಿದೆ. ಅಂಥ ಕಡೆ ಪ್ರತಿ ಯಂತ್ರದಲ್ಲಿ ‘ವಿದ್ಯಾರ್ಥಿ’ ಎಂಬ ಖಾತೆಯ ಪಕ್ಕದಲ್ಲೇ ‘ವಿದ್ಯಾರ್ಥಿ ಎಡಗೈ’ ಎಂಬ ಇನ್ನೊಂದು ಖಾತೆ ತೆರೆದು, ಅದರೊಳಗೆ ಒಮ್ಮೆ ಲಾಗಿನ್ ಆಗಿ ಬಟನ್‌ಗಳನ್ನು ಬದಲಿಸಿಟ್ಟರೆ ಸಾಕು. ಡೀಪ್ ಫ್ರೀಜ್‌ನಂಥದು ಇದ್ದರೆ ಅದನ್ನು ತಾತ್ಕಾಲಿಕವಾಗಿ ಸಡಿಲಿಸಿ ಈ ಖಾತೆ ಮಾಡಿ, ಬಟನ್ ಬದಲಿಸಿ, ಆಮೇಲೆ ಮತ್ತೆ ಭದ್ರಪಡಿಸಬೇಕು. ಆಗ ಯಂತ್ರ ಪ್ರತಿ ಸಲ ಮರಳುವ ಸ್ಥಿತಿಯಲ್ಲೇ ಎಡಗೈಯ ಖಾತೆಯೂ ಸೇರಿಕೊಂಡಿರುತ್ತದೆ. ಕಡ್ಡಾಯ ಪ್ರೊಫೈಲ್ ಇರುವ ಕಡೆ ಒಂದರ ಬದಲು ಎರಡು ಪ್ರೊಫೈಲ್ ಸಿದ್ಧಪಡಿಸಬೇಕು. ಇದರಲ್ಲಿ ಹೊಸ ತಂತ್ರಾಂಶವಿಲ್ಲ, ಟೆಂಡರ್ ಇಲ್ಲ, ಅನುದಾನ ಬೇಕಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ಹೀಗೆ ಮಾಡಿದ ಮೇಲೆ ಮೌಸ್ ಕೆಟ್ಟಿದೆ ಎಂಬ ದೂರುಗಳೂ ಕಡಿಮೆಯಾದವು.

ಕೈ ಆಡಿಸುವ ಜಾಗದ ಮಾತನ್ನೂ ಸೇರಿಸಬೇಕು, ಏಕೆಂದರೆ ಸೆಟ್ಟಿಂಗ್ ಉಳಿದರೂ ಮೌಸ್ ಎಡಕ್ಕೆ ಬಾರದಿದ್ದರೆ ಪ್ರಯೋಜನವಿಲ್ಲ. ನಮ್ಮ ಬಡಗಿಗಳು ಮಾಡಿಕೊಡುವ ಕಂಪ್ಯೂಟರ್ ಮೇಜುಗಳಲ್ಲಿ ಕೀಬೋರ್ಡಿನ ಜಾರುಹಲಗೆ ಎಡಗಡೆ ಮೇಜಿನ ಕಾಲಿಗೆ ತಗಲಿಕೊಂಡು, ಮೌಸ್‌ಗೆ ಬಲಗಡೆ ಮಾತ್ರ ಒಂದಿಷ್ಟು ಜಾಗ ಇರುತ್ತದೆ. ಮೌಸ್‌ನ ತಂತಿಯನ್ನು ಕಂಪ್ಯೂಟರ್‌ನ ಹಿಂಬದಿಯಿಂದ ತಂದು ಬಲಗಡೆಯ ಮೊಳೆಗೆ ಬಿಗಿದಿರುತ್ತಾರೆ. ಬ್ಯಾಂಕು, ಅಂಚೆ ಕಚೇರಿಗಳ ಕೌಂಟರಿನಲ್ಲಿ ದಾರಕ್ಕೆ ಕಟ್ಟಿದ ಪೆನ್ನು ಬಲಗೈಗೆ ಮಾತ್ರ ಎಟುಕುವಂತೆ ಇರುತ್ತದಲ್ಲ, ಹಾಗೆಯೇ ಇದು. ಕೆಲವೆಡೆ ಹೆಬ್ಬೆರಳಿಗೆ ಹಳ್ಳವಿರುವ, ಬಲಗೈಗೆಂದೇ ಅಚ್ಚು ಹಾಕಿದ ಮೌಸ್‌ಗಳನ್ನು ಖರೀದಿಸಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಕಿರುಬೆರಳು ಆ ಹಳ್ಳದೊಳಗೆ ಇಳಿಯುತ್ತದೆ. ಎರಡೂ ಬದಿ ಒಂದೇ ಆಕಾರದ ಸಾದಾ ಮೌಸ್ ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಅಗ್ಗ. ಖರೀದಿ ಆದೇಶದಲ್ಲಿ ‘ಎರಡೂ ಕೈಗೆ ಹೊಂದುವ ಆಕಾರ’ ಎಂಬ ಮೂರು ನಾಲ್ಕು ಪದ ಸೇರಿಸಿದರೆ ಖರ್ಚು ಏರುವುದಿಲ್ಲ.

ಗಂಭೀರವಾಗಿ ಯೋಚಿಸಬೇಕಾದ ಸ್ಥಳವೆಂದರೆ ಪರೀಕ್ಷಾ ಕೇಂದ್ರ. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆ ಕಂಪ್ಯೂಟರ್ ಮೇಲೆಯೇ ನಡೆಯುತ್ತದೆ. ಅದರಲ್ಲಿ ಉತ್ತರ ಆರಿಸುವುದು ಮೌಸ್‌ನಿಂದ. ಸಂಖ್ಯೆಯಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳಿಗೂ ಪರದೆಯ ಮೇಲೆ ಮೂಡುವ ಅಂಕಿಗಳನ್ನು ಮೌಸ್‌ನಿಂದಲೇ ಒಂದೊಂದಾಗಿ ಒತ್ತಬೇಕು. ಮೂರು ಗಂಟೆಗಳ ಪರೀಕ್ಷೆಯಲ್ಲಿ ಇದು ಸಣ್ಣ ಕೆಲಸವಲ್ಲ. ಎಡಗೈಯಲ್ಲಿ ಬರೆಯುವ ವಿದ್ಯಾರ್ಥಿಯ ಎಡಗೈಯಲ್ಲಿ ರಫ್ ಕೆಲಸದ ಪೆನ್ನು ಇರುವಾಗ ಬಲಗೈಯಲ್ಲಿ ಮೌಸ್ ಇದ್ದರೆ ಅನುಕೂಲ ಎಂದು ಕೆಲವರು ವಾದಿಸುತ್ತಾರೆ. ಎರಡು ಕೈಗೂ ಪಳಗಿದವರಿಗೆ ಅದು ನಿಜವಿರಬಹುದು. ಪಳಗದವರಿಗೆ ಆ ಮೂರು ಗಂಟೆಗಳಲ್ಲಿ ಹೊಸ ಕೈ ಕಲಿಯುವ ಬಿಡುವು ಎಲ್ಲಿಂದ ಬರಬೇಕು? ಪರೀಕ್ಷೆಯ ತಂತ್ರಾಂಶ ಪರದೆಯನ್ನು ಪೂರ್ತಿ ಆವರಿಸಿಕೊಂಡು ಬೇರೇನನ್ನೂ ತೆರೆಯಗೊಡದ ಕಾರಣ ವಿದ್ಯಾರ್ಥಿಗಳು ತಾವಾಗಿ ಸೆಟ್ಟಿಂಗ್ ಮುಟ್ಟುವಂತಿಲ್ಲ. ಕೊಠಡಿಯ ಮೇಲ್ವಿಚಾರಕರನ್ನು ಕೇಳಿದರೆ ಅವರಿಗೆ ಆ ಅಧಿಕಾರವಿರುವುದಿಲ್ಲ. ರಾಜ್ಯದಲ್ಲಿ 2012ರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳಡಿ ಸರ್ಕಾರಿ ನೌಕರರು ಬರೆಯಬೇಕಾದ ಪರೀಕ್ಷೆಗೂ ಈ ಮಾತು ಅನ್ವಯಿಸುತ್ತದೆ.

ಇಲ್ಲಿ ಪರಿಹಾರ ಪರೀಕ್ಷಾ ತಂತ್ರಾಂಶದೊಳಗೇ ಇರಬಹುದು ಎಂಬುದು ನನ್ನ ಸಲಹೆ. ಇಂಥ ಪರೀಕ್ಷೆಗಳಲ್ಲಿ ಬಲಬದಿಯ ಬಟನ್‌ಗೆ ಬೇರೆ ಕೆಲಸ ಬೇಕಾಗುವುದಿಲ್ಲ. ಹಾಗಿದ್ದ ಮೇಲೆ ಎರಡೂ ಬಟನ್‌ಗಳನ್ನು ಒಂದೇ ರೀತಿ ಪರಿಗಣಿಸಿ, ಯಾವುದನ್ನು ಒತ್ತಿದರೂ ಆಯ್ಕೆ ಎಂದು ಸ್ವೀಕರಿಸುವಂತೆ ತಂತ್ರಾಂಶ ಬರೆದರೆ ಸೆಟ್ಟಿಂಗ್ ಬದಲಿಸುವ ಪ್ರಶ್ನೆಯೇ ಏಳುವುದಿಲ್ಲ, ಮುಂದಿನ ಪಾಳಿಯ ಅಭ್ಯರ್ಥಿಗೂ ತೊಂದರೆಯಿಲ್ಲ. ಅದು ಆಗದಿದ್ದರೆ ಅರ್ಜಿಯಲ್ಲಿ ‘ಮೌಸ್ ಯಾವ ಕೈಯಲ್ಲಿ’ ಎಂಬ ಒಂದು ಪ್ರಶ್ನೆ ಕೇಳಿ, ಪ್ರವೇಶಪತ್ರದ ಸಂಖ್ಯೆ ಕೊಟ್ಟು ಲಾಗಿನ್ ಆದಾಗ ಬಟನ್ ಕ್ರಮ ತಾನಾಗಿ ಬದಲಾಗುವಂತೆ ಮಾಡಬಹುದು. ತಂತಿಯನ್ನು ಎಡಕ್ಕೆ ಎಳೆದುಕೊಳ್ಳಲು ಬಿಡುವುದಕ್ಕಂತೂ ಯಾವ ತಂತ್ರಾಂಶವೂ ಬೇಡ.

ಎಡಗೈ ಬಳಕೆ ಅಂಗವೈಕಲ್ಯವಲ್ಲ, ಅದನ್ನು ಹಾಗೆ ಕರೆಯಬೇಕೆಂದು ಎಡಚರಾರೂ ಬಯಸುವುದಿಲ್ಲ. ಆದರೆ ಬಲಗೈ ಬಳಸಲಾಗದ ಅಂಗವಿಕಲ ನೌಕರರ ವಿಷಯದಲ್ಲಿ ಇದು ಸೌಜನ್ಯದ ಮಾತಾಗಿ ಉಳಿಯುವುದಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 20ನೇ ಕಲಮು ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ ತನ್ನ ಅಂಗವಿಕಲ ನೌಕರರಿಗೆ ಸೂಕ್ತ ಹೊಂದಾಣಿಕೆಯನ್ನು ಒದಗಿಸಬೇಕು ಎನ್ನುತ್ತದೆ. ದುಬಾರಿ ಸಲಕರಣೆಗಳ ಪಟ್ಟಿ ಮಾಡುವ ಮೊದಲು ಅಂಥವರ ಹೆಸರಿನಲ್ಲಿ ಪ್ರತ್ಯೇಕ ಖಾತೆ ಇದೆಯೇ, ಅದರಲ್ಲಿ ಮೌಸ್ ಸೆಟ್ಟಿಂಗ್ ಉಳಿಯುತ್ತಿದೆಯೇ ಎಂದು ಕಚೇರಿಯ ಮುಖ್ಯಸ್ಥರು ನೋಡಬೇಕು. ಪ್ರತಿದಿನ ಬೆಳಿಗ್ಗೆ ಸಹೋದ್ಯೋಗಿಯನ್ನು ಕರೆದು ‘ಸ್ವಲ್ಪ ಬಟನ್ ಬದಲಿಸಿಕೊಡಿ’ ಎಂದು ಕೇಳುವ ಪರಿಸ್ಥಿತಿಯಲ್ಲಿ ಅವರನ್ನು ಇಡುವುದು ಆ ಕಾಯ್ದೆಗೆ ಒಪ್ಪುವಂಥದ್ದಲ್ಲ.

ಎಡಗೈಯಲ್ಲಿ ಬರೆಯುವ ಮಗುವಿನ ಕೈಗೆ ಹೊಡೆದು ಬಲಗೈಗೆ ಬಳಪ ಕೊಡುತ್ತಿದ್ದ ಕಾಲವನ್ನು ನಮ್ಮ ಶಾಲೆಗಳು ಬಹುಮಟ್ಟಿಗೆ ದಾಟಿ ಬಂದಿವೆ. ಅದೇ ಮಗು ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಗೆ ಬಂದಾಗ ‘ಮೌಸ್ ಇರುವುದೇ ಬಲಕ್ಕೆ, ಹಾಗೇ ಅಭ್ಯಾಸ ಮಾಡಿಕೊ’ ಎನ್ನುವ ಶಿಕ್ಷಕರು ಈಗಲೂ ಇದ್ದಾರೆ. ಅವರಲ್ಲಿ ದುರುದ್ದೇಶವಿಲ್ಲ. ಬಟನ್ ಬದಲಿಸಬಹುದು ಎಂಬುದು ಅವರಿಗೆ ಕಲಿಸಿದ ಪಾಠದಲ್ಲಿ ಇರಲಿಲ್ಲ, ಬದಲಿಸಿದರೂ ಅದು ಉಳಿಯುವ ಖಾತೆ ಅವರ ಶಾಲೆಯ ಯಂತ್ರದಲ್ಲಿ ಇಲ್ಲ. ಶಿಕ್ಷಕರಿಗೆ ನಡೆಯುವ ಕಂಪ್ಯೂಟರ್ ತರಬೇತಿಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಟ್ಟರೂ ಸಾಕೆನಿಸುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅನೇಕ ಕಾಲೇಜು ಮತ್ತು ಕಚೇರಿಗಳು ಯಂತ್ರಗಳನ್ನು ಹೊಸ ಆವೃತ್ತಿಗೆ ಒಯ್ಯುವ ಅಥವಾ ಹೊಸದಾಗಿ ಸಜ್ಜುಗೊಳಿಸುವ ಕೆಲಸದಲ್ಲಿವೆ. ಒಂದು ಯಂತ್ರವನ್ನು ಮಾದರಿಯಾಗಿ ಸಿದ್ಧಪಡಿಸಿ ಅದರ ಪ್ರತಿಯನ್ನೇ ಉಳಿದೆಲ್ಲ ಯಂತ್ರಗಳಿಗೆ ಹಾಕುವುದು ಈ ಕೆಲಸದ ಕ್ರಮ. ಎಡಗೈಯ ಖಾತೆಯನ್ನು ಆ ಮಾದರಿ ಯಂತ್ರದಲ್ಲಿ ಈಗಲೇ ಸೇರಿಸಿದರೆ ಎಲ್ಲ ಯಂತ್ರಗಳಿಗೂ ಅದು ತಾನಾಗಿ ಹೋಗುತ್ತದೆ. ಪ್ರತಿ ಹಾಕಿದ ಮೇಲೆ ನೆನಪಾದರೆ ಒಂದೊಂದು ಯಂತ್ರದ ಮುಂದೆಯೂ ಕುಳಿತು ಮಾಡಬೇಕಾಗುತ್ತದೆ. ಕಾಲೇಜು ಶಿಕ್ಷಣ ಇಲಾಖೆ ಹಾಗೂ ಶಾಲಾ ಶಿಕ್ಷಣ ಇಲಾಖೆಗಳು ಪ್ರಯೋಗಾಲಯ ನೋಡಿಕೊಳ್ಳುವವರಿಗೆ ಈ ಬಗ್ಗೆ ಒಂದು ಸುತ್ತೋಲೆ ಕಳುಹಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕಂಪ್ಯೂಟರ್ ಪ್ರಯೋಗಾಲಯದ ಬೋಧಕ,
ಶಿವಮೊಗ್ಗ ಜಿಲ್ಲೆ